ಫ್ಲಶ್ ಬಂದರೂ ಚಿಪ್ಸ್ ಬರುತ್ತಿಲ್ಲವೇ? ಡ್ರಾ ಕೈಗಳ ದೋಷ ಪತ್ತೆ ಮಾಡುವ ಕೈಪಿಡಿ

ಪೋಕರ್‌ನಲ್ಲಿ ಡ್ರಾ ಕೈ ಎಂದರೆ ಇನ್ನೂ ಪೂರ್ತಿಯಾಗದ ಕೈ. ಬೇಕಾದ ಎಲೆ ಬಿದ್ದರೆ ಗೆಲುವು, ಬೀಳದಿದ್ದರೆ ಕೈಯಲ್ಲಿ ಏನೂ ಇಲ್ಲ. ಇಂಥ ಕೈ ಹಿಡಿದು ದುಬಾರಿ ಕಾಲ್ ಮಾಡುವವರನ್ನು, ಅಂದರೆ ಎದುರಿನವರ ಬೆಟ್‌ನಷ್ಟೇ ಚಿಪ್ಸ್ ಹಾಕಿ ಆಟದಲ್ಲಿ ಉಳಿಯುವವರನ್ನು, ಕೇಳಿ ನೋಡಿ. ಬೆಂಗಳೂರಿನ ವಿಜಯನಗರದ ಮಹಡಿ ಮನೆಯಾಗಲಿ, ಎಚ್‌ಎಸ್‌ಆರ್ ಲೇಔಟಿನ ಫ್ಲಾಟಾಗಲಿ, ಶನಿವಾರ ರಾತ್ರಿಯ ಉತ್ತರ ಒಂದೇ: "ಈಗ ರೇಟು ಸರಿಯಿಲ್ಲ ಗುರು, ಆದ್ರೆ ಬಂತು ಅಂದ್ರೆ ದೊಡ್ಡದಾಗಿ ಬರುತ್ತೆ." ಇದೇ ಇಂಪ್ಲೈಡ್ ಆಡ್ಸ್. ಮಾತು ತಪ್ಪಲ್ಲ. ಆದರೆ ಆ "ದೊಡ್ಡದಾಗಿ" ಎಷ್ಟು, ಕೊಡುವವರು ಯಾರು ಅಂತ ಯಾರೂ ಲೆಕ್ಕ ಹಾಕುವುದಿಲ್ಲ.

ನನ್ನ ಪ್ರಕಾರ ಇಂಪ್ಲೈಡ್ ಆಡ್ಸ್ ಅಂದರೆ ಎದುರಿನವರ ಹೆಸರಿನಲ್ಲಿ ಬರೆದಿಟ್ಟ ಉದ್ರಿ. ಕಿರಾಣಿ ಅಂಗಡಿಯವರು ಸುಮ್ನೆ ಉದ್ರಿ ಕೊಡುವುದಿಲ್ಲ. ಯಾರ ಹೆಸರಿಗೆ, ಎಷ್ಟು, ವಸೂಲಾಗುತ್ತಾ ಅಂತ ನೋಡುತ್ತಾರೆ. ಡ್ರಾ ಕೈ ಆಡುವವರೂ ಅಷ್ಟೇ ನೋಡಬೇಕು. ಈ ಮೂರರಲ್ಲಿ ಒಂದಕ್ಕೆ ಉತ್ತರ ಇಲ್ಲದಿದ್ದರೂ ಆ ಉದ್ರಿಯನ್ನು ಸೊನ್ನೆ ಎಂದೇ ಬರೆದುಕೊಳ್ಳಿ.

ಕೆಳಗಿರುವುದೆಲ್ಲ ನೋ ಲಿಮಿಟ್ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಆಟಕ್ಕೆ. ಅದರಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್). ಪ್ರತಿ ಹಂತದಲ್ಲೂ ಬೆಟ್ ನಡೆಯುತ್ತದೆ. ಸುಲಭದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ನಿಮ್ಮ ಲಕ್ಷಣಕ್ಕೆ ಹೊಂದುವ ಭಾಗಕ್ಕೆ ನೇರ ಹೋಗಬಹುದು. ಆದರೆ ಉದ್ರಿ ಲೆಕ್ಕದ ಭಾಗ ಬಿಡಬೇಡಿ.

ಮೊದಲು ಎಚ್ಚರಿಕೆ

ಇಲ್ಲಿನ ಎಲ್ಲ ಅಂಕಿಗಳೂ ಬೆಲೆಯಿಲ್ಲದ ಚಿಪ್ಸ್‌ನವು. ರೂಪಾಯಿ ಅಲ್ಲ. ಎಲ್ಲರಿಗೂ 1,000 ಚಿಪ್ಸ್, ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಹಾಕುವ ಚಿಪ್ಸ್) 5 ಮತ್ತು 10 ಅಂತ ಇಟ್ಟುಕೊಂಡಿದ್ದೇನೆ. ಈ ಲೆಕ್ಕ ಕಲಿಯಲು ದುಡ್ಡು ಬೇಕಾಗಿಲ್ಲ.

ಕಾನೂನಿನ ವಿಷಯವೂ ಇದೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಪಾಸು ಮಾಡಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನು ಅದು ನಿಷೇಧಿಸುತ್ತದೆ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನು ಅದು ಮಾಡುವುದಿಲ್ಲ. ಹಾಗಾಗಿ ಯಾವುದೋ ಲಿಂಕ್ ಕಳಿಸಿ "ಇಲ್ಲಿ ಆಡಿ, ಏನೂ ಆಗಲ್ಲ" ಅನ್ನುವವರಿಂದ ದೂರ ಇರಿ. ಗೆಳೆಯರ ಜೊತೆ ಕೂತು ಚಿಪ್ಸ್‌ನಲ್ಲಿ ಆಡಿದರೆ ಈ ತಲೆನೋವು ಯಾವುದೂ ಇಲ್ಲ.

ಪರೀಕ್ಷೆಗೆ ಬೇಕಾದ ಸಾಮಾನು

ಒಂದು ಇಸ್ಪೀಟು ಪ್ಯಾಕ್, ಒಂದು ಪೆನ್ನು, ಒಂದು ಹಾಳೆ. ಜೊತೆಗೆ ಈ ಕೆಳಗಿನ ಅಂಕಿಗಳು. ಮೊದಲ ಮೂರು ಫ್ಲಾಪ್ ಆದಮೇಲೆ ಬರುವ ಒಂದೇ ಒಂದು ಎಲೆಯ ಲೆಕ್ಕ. ಔಟ್ಸ್ ಎಂದರೆ ನಿಮ್ಮ ಕೈ ಪೂರ್ತಿ ಮಾಡುವ ಎಲೆಗಳು. "ವಿರುದ್ಧ 4.2ಕ್ಕೆ 1" ಎಂದರೆ 4.2 ಸಲ ಬೀಳದಿದ್ದರೆ 1 ಸಲ ಬೀಳುತ್ತದೆ.

ಫ್ಲಶ್ ಡ್ರಾ, ಅಂದರೆ ಒಂದೇ ಗುರುತಿನ ಐದು ಎಲೆಗೆ ಒಂದು ಬಾಕಿ: 9 ಔಟ್ಸ್, ಸುಮಾರು 19%, ವಿರುದ್ಧ 4.2ಕ್ಕೆ 1
ಎರಡೂ ಕಡೆ ತೆರೆದ ಸ್ಟ್ರೈಟ್ ಡ್ರಾ, ಅಂದರೆ ಸಾಲಾಗಿ ಐದು ಎಲೆಗೆ ಯಾವ ತುದಿಯಲ್ಲಾದರೂ ಒಂದು ಬಾಕಿ: 8 ಔಟ್ಸ್, 17%, ವಿರುದ್ಧ 4.9ಕ್ಕೆ 1
ಗಟ್‌ಶಾಟ್, ಅಂದರೆ ನಡುವಿನ ಒಂದೇ ಎಲೆಗೆ ಕಾಯುವುದು: 4 ಔಟ್ಸ್, 8.5%, ವಿರುದ್ಧ 10.75ಕ್ಕೆ 1
ಕೈಯಲ್ಲಿ ಜೋಡಿ ಇದ್ದು ಫ್ಲಾಪ್‌ನ ಮೂರು ಎಲೆಯಲ್ಲಿ ಸೆಟ್ (ಅದೇ ಅಂಕಿಯ ಮೂರು ಎಲೆ) ಆಗುವುದು: ಸುಮಾರು 12%, ವಿರುದ್ಧ 7.5ಕ್ಕೆ 1

ಇನ್ನು ಉದ್ರಿ ಲೆಕ್ಕ. ನೀವು ಕಾಲ್ ಮಾಡಬೇಕಾದ ಮೊತ್ತವನ್ನು ಮೇಲಿನ "ವಿರುದ್ಧ" ಅಂಕಿಯಿಂದ ಗುಣಿಸಿ. ಈಗ ಪಾಟ್‌ನಲ್ಲಿ (ಮೇಜಿನ ನಡುವೆ ಸೇರಿದ ಚಿಪ್ಸ್) ಇರುವುದನ್ನು, ಎದುರಿನವರ ಬೆಟ್ ಕೂಡ ಸೇರಿಸಿ, ಅದರಿಂದ ಕಳೆಯಿರಿ. ಉಳಿದದ್ದೇ ನಿಮಗೆ ಬೇಕಾದ ಉದ್ರಿ. ಎಲೆ ಬಿದ್ದಮೇಲೆ ಸರಾಸರಿ ಅಷ್ಟಾದರೂ ಹೆಚ್ಚುವರಿ ವಸೂಲಾಗಬೇಕು.

ಉದಾಹರಣೆ ನೋಡೋಣ. ಪಾಟ್ 100, ಎದುರಿನವರು 50 ಬೆಟ್ ಮಾಡಿದರು. ಈಗ ಪಾಟ್ 150, ನೀವು ಹಾಕಬೇಕಾದದ್ದು 50. ಫ್ಲಶ್ ಡ್ರಾ ಇದ್ದರೆ 50 ಗುಣಿಸು 4.2, ಅಂದರೆ 210. ಅದರಲ್ಲಿ 150 ಕಳೆದರೆ 60. ಅಂದರೆ ಫ್ಲಶ್ ಬಿದ್ದ ಪ್ರತಿ ಸಲವೂ ಸರಾಸರಿ 60 ಚಿಪ್ಸ್ ಜಾಸ್ತಿ ಬರಬೇಕು. ಎರಡು ಸಲಕ್ಕೊಮ್ಮೆ ಮಾತ್ರ ಕೊಡುವವರಾದರೆ, ಕೊಟ್ಟಾಗ 120 ಕೊಡಬೇಕು. ಉತ್ತರ ಸೊನ್ನೆಯೋ ಅದಕ್ಕಿಂತ ಕಡಿಮೆಯೋ ಬಂದರೆ ಉದ್ರಿಯ ಮಾತೇ ಬೇಡ, ಪಾಟ್‌ನಲ್ಲಿ ಇರುವುದೇ ಸಾಕು. ಧೈರ್ಯವಾಗಿ ಕಾಲ್ ಮಾಡಿ.

ಮೇಜಿನ ಮುಂದೆ ದಶಮಾಂಶ ಬೇಕಾಗಿಲ್ಲ. ಫ್ಲಶ್‌ಗೆ ನಾಲ್ಕು, ಸ್ಟ್ರೈಟ್‌ಗೆ ಐದು, ಗಟ್‌ಶಾಟ್‌ಗೆ ಹನ್ನೊಂದು ಅಂತ ನೆನಪಿಟ್ಟರೆ ಸಾಕು.

ಲಕ್ಷಣ: "35% ಚಾನ್ಸ್ ಇತ್ತಲ್ಲ, ಮತ್ಯಾಕೆ ಸೋಲ್ತಿದ್ದೀನಿ?"

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು. ಸರಿ ಮಾಡಲು ಖರ್ಚೂ ಇಲ್ಲ.

ಫ್ಲಾಪ್‌ನಲ್ಲಿ ಫ್ಲಶ್ ಡ್ರಾ ಇದ್ದರೆ ರಿವರ್ ಮುಗಿಯುವಷ್ಟರಲ್ಲಿ ಫ್ಲಶ್ ಆಗುವ ಸಾಧ್ಯತೆ 35%. ಅದು ನಿಜ. ಆದರೆ ಅದು ಎರಡು ಎಲೆಗಳ ಅಂಕಿ. ಫ್ಲಾಪ್‌ನಲ್ಲಿ ನೀವು ಕೊಟ್ಟ ದುಡ್ಡಿಗೆ ಸಿಗುವುದು ಟರ್ನ್ ಎಲೆ ಮಾತ್ರ. ರಿವರ್ ನೋಡಬೇಕಾದರೆ ಮತ್ತೆ ಕೊಡಬೇಕು, ಸಾಮಾನ್ಯವಾಗಿ ಇನ್ನೂ ಜಾಸ್ತಿ.

ಪಾಟ್ 100 ಇದ್ದಾಗ ಎದುರಿನವರು 100 ಬೆಟ್ ಮಾಡಿದರು ಅನ್ನಿ. 300ರ ಪಾಟ್‌ಗೆ 100 ಹಾಕುತ್ತಿದ್ದೀರಿ, 33% ಇದ್ದರೆ ಸಾಕು, ನನ್ನ ಹತ್ತಿರ 35% ಇದೆ ಅಂತ ಅನಿಸುತ್ತದೆ. ಟರ್ನ್‌ನಲ್ಲಿ ಏನೂ ಬೀಳಲಿಲ್ಲ. ಎದುರಿನವರು 300 ಬೆಟ್ ಮಾಡಿದರು. ಈಗ ಫೋಲ್ಡ್ ಮಾಡಿದರೆ, ಅಂದರೆ ಕೈ ಬಿಟ್ಟರೆ, ನೀವು ಆಡಿದ್ದು 19%ರ ಆಟ. ಕಾಲ್ ಮಾಡಿದರೆ ಮತ್ತೆ ಕೆಟ್ಟ ರೇಟು. ಎರಡೂ ಕಡೆಯಿಂದ ಏಟು.

ಪರೀಕ್ಷೆ: ಕಾಲ್ ಮಾಡುವ ಮುಂಚೆ "ಇದಾದಮೇಲೆ ಇನ್ನೊಂದು ಬೆಟ್ ಬರಬಹುದಾ?" ಅಂತ ಕೇಳಿಕೊಳ್ಳಿ. ಬರಬಹುದು ಅನ್ನುವುದಾದರೆ ಔಟ್ಸ್ ಅನ್ನು ಎರಡರಿಂದ ಗುಣಿಸಿ, ಹೆಚ್ಚುಕಡಿಮೆ ಅಷ್ಟೇ ನಿಮ್ಮ ಶೇಕಡಾ ಸಾಧ್ಯತೆ. ಯಾರೋ ಒಬ್ಬರು ಆಲ್ ಇನ್ ಆಗಿ (ಇದ್ದ ಚಿಪ್ಸೆಲ್ಲ ಹಾಕಿ), ಎರಡು ಎಲೆಯೂ ಪುಕ್ಕಟೆ ಕಾಣುತ್ತದೆ ಎಂದಾಗ ಮಾತ್ರ ನಾಲ್ಕರಿಂದ ಗುಣಿಸಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ದೋಷ ಇದೆ. ಎದುರಿನವರು ಆಲ್ ಇನ್ ಆಗಿದ್ದಾರೆ, ಕೈಯಲ್ಲಿ ಇನ್ನೇನೂ ಉಳಿದಿಲ್ಲ. ಆದರೂ "ಇಂಪ್ಲೈಡ್ ಆಡ್ಸ್ ಇದೆ" ಅಂತ ಕಾಲ್ ಮಾಡುವವರನ್ನು ನೋಡಿದ್ದೇನೆ. ಬರಿ ಜೇಬಿನವರ ಹೆಸರಿಗೆ ಉದ್ರಿ ಬರೆದ ಹಾಗೆ ಇದು. ಅಲ್ಲಿ ಪಾಟ್‌ನಲ್ಲಿ ಕಾಣುವ ಚಿಪ್ಸ್ ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಲಕ್ಷಣ: "ಎಲೆ ಬಿತ್ತು, ಎಲ್ಲ ಚಿಪ್ಸೂ ಬಂತು, ಆದ್ರೂ ಸಾಕಾಗ್ಲಿಲ್ಲ"

ಎದುರಿನವರ ಸ್ಟ್ಯಾಕ್, ಅಂದರೆ ಅವರ ಮುಂದೆ ಉಳಿದಿರುವ ಚಿಪ್ಸ್, ನೋಡದೆ ಆಡಿದರೆ ಹೀಗಾಗುತ್ತದೆ. ಗೆದ್ದ ಖುಷಿಯಲ್ಲಿ ಇದು ಕಾಣುವುದೇ ಇಲ್ಲ. ತಿಂಗಳ ಕೊನೆಗೆ ಲೆಕ್ಕ ನೋಡಿದಾಗ ಗಟ್‌ಶಾಟ್‌ಗಳೆಲ್ಲ ನಷ್ಟದಲ್ಲಿರುತ್ತವೆ.

ಮೊದಲಿನ ಉದಾಹರಣೆಯನ್ನೇ ತಗೊಳ್ಳಿ. ಪಾಟ್ 150, ಕಾಲ್ 50, ಆದರೆ ಕೈಯಲ್ಲಿ ಗಟ್‌ಶಾಟ್. 50 ಗುಣಿಸು 10.75, ಸುಮಾರು 540. ಪಾಟ್ ಕಳೆದರೆ ಉದ್ರಿ ಹೆಚ್ಚುಕಡಿಮೆ 390. ಎದುರಿನವರ ಮುಂದೆ ಉಳಿದಿರುವುದೇ 200 ಅನ್ನಿ. ಎಲೆ ಬಿದ್ದ ಪ್ರತಿ ಸಲವೂ ಅವರು ಕೊನೆಯ ಚಿಪ್‌ವರೆಗೆ ಕೊಟ್ಟರೂ ನಿಮಗೆ ನಷ್ಟವೇ. ಮುಂದಿನ ಯಾವ ಪರೀಕ್ಷೆಯೂ ಬೇಡ. ಅಲ್ಲೇ ಫೋಲ್ಡ್.

ನಿಮ್ಮ ಸ್ಟ್ಯಾಕ್, ಅವರ ಸ್ಟ್ಯಾಕ್, ಎರಡರಲ್ಲಿ ಯಾವುದು ಚಿಕ್ಕದೋ ಅದೇ ಲೆಕ್ಕಕ್ಕೆ ಬರುವುದು. ನಿಮ್ಮ ಮುಂದೆ ಗುಡ್ಡೆ ಇದ್ದರೂ ಉಪಯೋಗವಿಲ್ಲ. ರಾತ್ರಿ ಹನ್ನೊಂದರ ಮೇಲೆ ಮೇಜಿನ ಸುತ್ತ ಒಮ್ಮೆ ಕಣ್ಣಾಡಿಸಿ. ಕೆಲವರ ಹತ್ತಿರ 2,000, ಕೆಲವರ ಹತ್ತಿರ 150. ಒಂದೇ ಡ್ರಾ ಕೈ ಒಬ್ಬರ ವಿರುದ್ಧ ಸರಿ, ಪಕ್ಕದವರ ವಿರುದ್ಧ ತಪ್ಪು.

ಚಿಕ್ಕ ಜೋಡಿಗಳಿಗೂ ಇದೇ ಪರೀಕ್ಷೆ. ಕೈಯಲ್ಲಿ 5-5 ಇದೆ. ಒಬ್ಬರು 40ಕ್ಕೆ ರೈಸ್ ಮಾಡಿದರು, ಅಂದರೆ ಬೆಟ್ ಏರಿಸಿದರು. ಬ್ಲೈಂಡ್ ಸೇರಿ ಪಾಟ್ 55. ಸೆಟ್‌ಗೆ 7.5ಕ್ಕೆ 1. 40 ಗುಣಿಸು 7.5, ಅಂದರೆ 300. ಅದರಲ್ಲಿ 55 ಕಳೆದರೆ ಉದ್ರಿ 245. ಸೆಟ್ ಆದಾಗಲೆಲ್ಲ ಅವರ ಕೈಯಲ್ಲಿ ಒಳ್ಳೆ ಜೋಡಿ ಇರುವುದಿಲ್ಲ, ಎಷ್ಟೋ ಸಲ ಒಂದೇ ಬೆಟ್‌ಗೆ ಬಿಟ್ಟು ಹೋಗುತ್ತಾರೆ. ಅದಕ್ಕೇ ಕಾಲ್ ಮೊತ್ತದ 15 ಪಟ್ಟಾದರೂ, ಅಂದರೆ ಇಲ್ಲಿ 600, ಎರಡೂ ಕಡೆ ಇರಬೇಕು ಅಂತ ಅನುಭವಿಗಳು ಹೇಳುತ್ತಾರೆ. ತೀರಾ ಬಿಗಿಯಾಗಿ ಆಡುವವರ ವಿರುದ್ಧ ನಾನು ಅದಕ್ಕಿಂತಲೂ ಜಾಸ್ತಿ ಕೇಳುತ್ತೇನೆ.

ಲಕ್ಷಣ: "ಫ್ಲಶ್ ಬೀಳ್ತಿದ್ದ ಹಾಗೇ ಎಲ್ರೂ ಫೋಲ್ಡ್"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಸ್ಥಿತಿ. ಈ ಲಕ್ಷಣದ ಹಿಂದೆ ಕಾರಣ ಒಂದೇ ಇರುವುದಿಲ್ಲ. ಒಂದೊಂದಾಗಿ ನೋಡಬೇಕು.

ಮೊದಲನೆಯದು ನಿಮ್ಮ ಡ್ರಾ ಎಷ್ಟು ಎದ್ದು ಕಾಣುತ್ತದೆ ಅನ್ನುವುದು. ಫ್ಲಾಪ್‌ನಲ್ಲಿ ಆಟೀನು ರಾಣಿ, ಆಟೀನು 7, ಕ್ಲಾವರ್ 2. ಟರ್ನ್‌ನಲ್ಲಿ ಮೂರನೇ ಆಟೀನು ಬಿದ್ದರೆ ಮೇಜಿನ ಮೇಲಿರುವ ಪ್ರತಿಯೊಬ್ಬರಿಗೂ ಗೊತ್ತಾಗುತ್ತದೆ. ಮೊದಲ ಸಲ ಆಡುವವರೂ ಕೈ ಹಿಂದೆಗೆಯುತ್ತಾರೆ. ಸ್ಟ್ರೈಟ್ ಹಾಗಲ್ಲ. ನಿಮ್ಮ ಕೈಯಲ್ಲಿ 8-6, ಫ್ಲಾಪ್‌ನಲ್ಲಿ ಎಕ್ಕ-7-5, ಮೂರೂ ಬೇರೆ ಬೇರೆ ಗುರುತಿನವು. ಟರ್ನ್‌ನಲ್ಲಿ 9 ಬಿತ್ತು. ಎಕ್ಕ-ರಾಜ ಹಿಡಿದು ಕೂತವರಿಗೆ ಆ 9 ಕಾಣುವುದೇ ಇಲ್ಲ. ಅವರ ಕಣ್ಣು ಎಕ್ಕದ ಮೇಲೆ.

ಇದನ್ನೇ ಅಂಕಿಯಲ್ಲಿ ನೋಡಿ. ಎರಡೂ ಸಂದರ್ಭದಲ್ಲಿ ಪಾಟ್ 100, ಎದುರಿನವರ ಬೆಟ್ 60. ಫ್ಲಶ್ ಡ್ರಾಗೆ ಬೇಕಾದ ಉದ್ರಿ ಸುಮಾರು 93. ಸ್ಟ್ರೈಟ್ ಡ್ರಾಗೆ 134. ಮೇಲ್ನೋಟಕ್ಕೆ ಫ್ಲಶ್ ಅಗ್ಗ. ಆದರೆ ಮೂರನೇ ಆಟೀನು ಕಂಡ ಮೇಲೆ ಹತ್ತರಲ್ಲಿ ಆರು ಸಲ ಎದುರಿನವರು ಫೋಲ್ಡ್ ಮಾಡಿ, ನಾಲ್ಕು ಸಲ 150 ಕೊಟ್ಟರೆ ಸರಾಸರಿ 60. ನಷ್ಟ. ಎಕ್ಕ-ರಾಜದವರು 9 ಬಿದ್ದ ಮೇಲೆ ಹತ್ತರಲ್ಲಿ ಒಂಬತ್ತು ಸಲ 150 ಕೊಟ್ಟರೆ ಸರಾಸರಿ 135. ಲೆಕ್ಕ ಕೂಡಿತು, ರಿವರ್ ಬೆಟ್ ಬೇರೆ ಬಾಕಿ ಇದೆ. ದುಬಾರಿ ಉದ್ರಿ ವಸೂಲಾಯಿತು, ಅಗ್ಗದ್ದು ಮುಳುಗಿತು. ಆರು, ಒಂಬತ್ತು ಎಂಬುದು ನಾನು ಇಟ್ಟುಕೊಂಡ ಅಂದಾಜು. ನಿಮ್ಮ ಮೇಜಿನ ಅಂದಾಜು ನೀವೇ ಮಾಡಬೇಕು.

ಎರಡನೆಯದು ಆ ಎದುರಿನವರ ಕೈ. ಉದ್ರಿ ತೀರಿಸಬೇಕಾದರೆ ಅವರ ಹತ್ತಿರ ಬಿಡಲು ಮನಸ್ಸಾಗದ ಕೈ ಇರಬೇಕು. ಎರಡು ಜೋಡಿ, ಸೆಟ್, ದೊಡ್ಡ ಜೋಡಿ. ಬರೀ ಬ್ಲಫ್ ಮಾಡುತ್ತಿರುವವರು ನಿಮಗೆ ಎಲೆ ಬಿದ್ದರೂ ಏನೂ ಕೊಡುವುದಿಲ್ಲ, ಯಾಕೆಂದರೆ ಅವರ ಕೈಯಲ್ಲೂ ಏನಿಲ್ಲ. ಇದು ವಿಚಿತ್ರ ಅನಿಸಬಹುದು. ಎದುರಿನವರು ಬಲವಾಗಿದ್ದಷ್ಟೂ ಡ್ರಾ ಕೈಗೆ ವಸೂಲಾಗುವ ಉದ್ರಿ ಜಾಸ್ತಿ. ಮೊದಲಿನಿಂದ ಒಂದೇ ಸಮ ರೈಸ್ ಮಾಡುತ್ತಾ ಬಂದವರ ವಿರುದ್ಧ ಅಗ್ಗದ ಕಾಲ್ ಸಿಕ್ಕರೆ ನನಗೆ ಖುಷಿ.

ಮೂರನೆಯದು ಮನುಷ್ಯ. ಕೆಲವರು ಫೋಲ್ಡ್ ಮಾಡುವುದೇ ಇಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಕೂತು ಬಂದವರು ಎಲೆ ಬಿಸಾಕಿ ಸುಮ್ಮನೆ ಕೂರೋಕೆ ಬಂದಿರುವುದಿಲ್ಲ, ಅಲ್ವಾ? ಅವರ ಹೆಸರಿಗೆ ಧಾರಾಳವಾಗಿ ಉದ್ರಿ ಬರೆಯಬಹುದು. ಇನ್ನು ಕೆಲವರು ಮೂರನೇ ಆಟೀನು ಕಂಡರೆ ನಿಮ್ಮ ಮುಖ ನೋಡಿ, ನಿಟ್ಟುಸಿರು ಬಿಟ್ಟು, ಎಕ್ಕದ ಜೋಡಿಯನ್ನೂ ಮಡಚಿ ಇಡುತ್ತಾರೆ. ಅವರ ವಿರುದ್ಧ ಫ್ಲಶ್ ಡ್ರಾಗೆ ವಸೂಲಾಗುವ ಉದ್ರಿ ಸೊನ್ನೆ. ಆದರೆ ಅದಕ್ಕೆ ಬೇರೆ ಮದ್ದಿದೆ, ಮುಂದೆ ಹೇಳುತ್ತೇನೆ.

ಪರೀಕ್ಷೆ: ಕಾಲ್ ಮಾಡುವ ಮುಂಚೆ ಮನಸ್ಸಿನಲ್ಲಿ ಒಂದು ವಾಕ್ಯ ಪೂರ್ತಿ ಮಾಡಿ. "ಎಲೆ ಬಿದ್ದರೆ ಇಂಥವರು, ಇಂಥ ಕೈಯಿಂದ, ಇಷ್ಟು ಕೊಡ್ತಾರೆ." ಹೆಸರು ಬರಲಿಲ್ಲ ಅಂದರೆ, ಅಥವಾ "ಯಾರಾದ್ರೂ ಕೊಡ್ತಾರೆ ಬಿಡು" ಅಂತ ಬಂದರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುತ್ತಿದ್ದೀರಿ.

ಲಕ್ಷಣ: "ದುಡ್ಡು ಇದ್ದೋರೇ ಇದ್ರು, ಕೊಡೋ ಕೈಯೂ ಇತ್ತು, ಆದ್ರೂ ಪಾಟ್ ಚಿಕ್ಕದೇ ಉಳೀತು"

ಇಲ್ಲಿ ದೋಷ ಕಾಲ್‌ನಲ್ಲಿಲ್ಲ, ವಸೂಲಿಯಲ್ಲಿದೆ.

ಎಲೆ ಬಿದ್ದ ತಕ್ಷಣ "ಹೆದರಿ ಓಡಿ ಹೋಗ್ತಾರೆ" ಅನ್ನುವ ಭಯಕ್ಕೆ 220ರ ಪಾಟ್‌ಗೆ 30 ಬೆಟ್ ಮಾಡುವುದು ತುಂಬಾ ಜನರ ಅಭ್ಯಾಸ. ಮೇಲಿನ ಸ್ಟ್ರೈಟ್ ಉದಾಹರಣೆಯಲ್ಲಿ 134 ವಸೂಲು ಮಾಡಬೇಕು ಅಂತ ಕಾಲ್ ಮಾಡಿದ್ದೀರಿ. 30 ಕೇಳಿದರೆ 30ಕ್ಕಿಂತ ಜಾಸ್ತಿ ಹೇಗೆ ಬರುತ್ತದೆ? ಕಾಲ್ ಮಾಡುವಾಗ ಹಾಕಿದ ಉದ್ರಿ ಅಂಕಿಯೇ ಬೆಟ್ ಮಾಡುವಾಗಲೂ ದಾರಿ ತೋರಿಸಬೇಕು. ಚೆಕ್ ಮಾಡಿ, ಅಂದರೆ ಬೆಟ್ ಮಾಡದೆ ಸರದಿ ದಾಟಿಸಿ, ಬಲೆ ಹಾಕುವವರಿಗೂ ಇದೇ ತೊಂದರೆ. ಎದುರಿನವರೂ ಚೆಕ್ ಮಾಡಿದರೆ ಒಂದು ಸುತ್ತಿನ ವಸೂಲಿ ಹೋಯಿತು.

ಇನ್ನೊಂದು ಕಾರಣ ಪೊಸಿಷನ್, ಅಂದರೆ ನಿಮ್ಮ ಸರದಿ ಬರುವ ಜಾಗ. ನೀವು ಮೊದಲು ಆಡಬೇಕಾದ ಜಾಗದಲ್ಲಿದ್ದರೆ ಎಲೆ ಬಿದ್ದಾಗ ಇಕ್ಕಟ್ಟು. ಬೆಟ್ ಮಾಡಿದರೆ ಗುಟ್ಟು ಹೊರಬೀಳುತ್ತದೆ, ಚೆಕ್ ಮಾಡಿದರೆ ಅವರೂ ಚೆಕ್ ಮಾಡಬಹುದು. ಕೊನೆಗೆ ಆಡುವ ಜಾಗದಲ್ಲಿದ್ದರೆ ಅವರು ಏನು ಮಾಡುತ್ತಾರೆ ಅಂತ ನೋಡಿಯೇ ನೀವು ತೀರ್ಮಾನ ಮಾಡಬಹುದು. ಎಲೆ ಬೀಳದಿದ್ದಾಗ ಚೆಕ್ ಮಾಡಿ ರಿವರ್ ಎಲೆಯನ್ನು ಪುಕ್ಕಟೆ ನೋಡುವ ಅವಕಾಶವೂ ಅಲ್ಲೇ. ಬಟನ್ ಮೇಲಿನ (ಕೊನೆಗೆ ಆಡುವ ಜಾಗದ) ಡ್ರಾ ಕೈ, ಬ್ಲೈಂಡ್‌ನಲ್ಲಿರುವ (ಮೊದಲು ಆಡುವ ಜಾಗದ) ಅದೇ ಡ್ರಾ ಕೈ, ಎರಡಕ್ಕೂ ಒಂದೇ ಬೆಲೆ ಕಟ್ಟಬೇಡಿ. ಬ್ಲೈಂಡ್‌ನಲ್ಲಿದ್ದರೆ ನಾನು ಅಂದಾಜು ವಸೂಲಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿಕೊಳ್ಳುತ್ತೇನೆ. ಇದು ಸೂತ್ರವಲ್ಲ, ನನ್ನ ಅಭ್ಯಾಸ.

ಲಕ್ಷಣ: "ಬೇಕಾದ ಎಲೆನೇ ಬಿತ್ತು, ಆದ್ರೂ ಸೋತೆ"

ಎಲೆ ಬೀಳದೆ ಸೋತರೆ ಒಂದು ಕಾಲ್ ಹೋಗುತ್ತದೆ. ಬಿದ್ದು ಸೋತರೆ ಸ್ಟ್ಯಾಕ್ ಹೋಗುತ್ತದೆ. ಅದಕ್ಕೇ ಈ ದೋಷ ಎಲ್ಲಕ್ಕಿಂತ ದುಬಾರಿ.

ಪರೀಕ್ಷೆ ಸರಳ. ಔಟ್ಸ್ ಎಣಿಸಿದ ಮೇಲೆ ಒಂದೊಂದನ್ನೂ ಮೇಜಿನ ಮೇಲೆ ಇಟ್ಟು "ಈಗ ನನಗಿಂತ ದೊಡ್ಡ ಕೈ ಯಾವುದು?" ಅಂತ ಕೇಳಿ. ಕೈಯಲ್ಲಿ 6-5 ಇದೆ, ಫ್ಲಾಪ್ ರಾಜ-8-7. ಎಂಟು ಔಟ್ಸ್: ನಾಲ್ಕು 4ಗಳು, ನಾಲ್ಕು 9ಗಳು. 4 ಬಿದ್ದರೆ ನಿಮ್ಮದೇ ಅತಿ ದೊಡ್ಡ ಸ್ಟ್ರೈಟ್. 9 ಬಿದ್ದರೆ ಜಾಕಿ-10 ಇದ್ದವರು, 10-6 ಇದ್ದವರು ನಿಮ್ಮನ್ನು ದಾಟಿ ಹೋಗುತ್ತಾರೆ. ಹಾಗಾಗಿ ಇವು ಎಂಟು ಪೂರ್ತಿ ಔಟ್ಸ್ ಅಲ್ಲ. ನಾಲ್ಕು ಶುದ್ಧ, ನಾಲ್ಕು ಅನುಮಾನದ್ದು. ಅನುಮಾನದ್ದನ್ನು ಅರ್ಧ ಅಂತ ಎಣಿಸಿದರೆ ಒಟ್ಟು ಆರು.

ಫ್ಲಶ್‌ನಲ್ಲೂ ಹಾಗೇ. ಮೇಲಿನ ರಾಣಿ-7-2 ಫ್ಲಾಪ್‌ನಲ್ಲಿ ಆಟೀನು 2 ಬಿದ್ದರೆ ನಿಮಗೆ ಫ್ಲಶ್, ಸೆಟ್ ಹಿಡಿದವರಿಗೆ ಫುಲ್ ಹೌಸ್ (ಫ್ಲಶ್‌ಗಿಂತ ದೊಡ್ಡ ಕೈ) ಅಥವಾ ಅದಕ್ಕಿಂತ ದೊಡ್ಡದು. ಅದು ಒಂದೇ ಎಲೆ, ಹೋಗಲಿ. ದೊಡ್ಡ ಅಪಾಯ ನಿಮ್ಮ ಫ್ಲಶ್ ಚಿಕ್ಕದಾಗಿರುವುದು. ಆಟೀನು ಎಕ್ಕ ನಿಮ್ಮ ಕೈಯಲ್ಲಿದ್ದರೆ ನಿಶ್ಚಿಂತೆ. ಆಟೀನು 6-5 ಹಿಡಿದು, ಐದು ಜನ ಪಾಟ್‌ನಲ್ಲಿದ್ದರೆ, ಇನ್ನೊಬ್ಬರ ಹತ್ತಿರವೂ ಎರಡು ಆಟೀನು ಇರುವ ಸಾಧ್ಯತೆಯನ್ನು ಪಕ್ಕಕ್ಕಿಡುವ ಹಾಗಿಲ್ಲ. ಜನ ಜಾಸ್ತಿ ಇದ್ದರೆ ಕೊಡುವವರು ಜಾಸ್ತಿ ಅನ್ನುವುದು ನಿಜ. ಆದರೆ ಅದು ಅತಿ ದೊಡ್ಡ ಫ್ಲಶ್‌ಗೆ ಕಟ್ಟಿದ ಡ್ರಾಗೆ ಮಾತ್ರ ಒಳ್ಳೆಯ ಸುದ್ದಿ.

ಈ ಉಲ್ಟಾ ಲೆಕ್ಕ ಎಷ್ಟು ಕಚ್ಚುತ್ತದೆ ನೋಡಿ. ಐದು ಸಲ ಫ್ಲಶ್ ಬಿತ್ತು ಅನ್ನಿ. ನಾಲ್ಕು ಸಲ ತಲಾ 100 ಜಾಸ್ತಿ ಬಂತು, ಒಟ್ಟು 400. ಒಂದು ಸಲ ದೊಡ್ಡ ಫ್ಲಶ್‌ಗೆ 300 ಕೊಟ್ಟಿರಿ. ಉಳಿದದ್ದು 100. ಐದರಿಂದ ಭಾಗಿಸಿದರೆ 20. ನೀವು 100 ಉದ್ರಿ ಇದೆ ಅಂದುಕೊಂಡಿದ್ದು, ನಿಜಕ್ಕೂ ಇದ್ದದ್ದು 20. ಆ ಐದನೇ ಪಾಟ್ ಕೂಡ ಹೋಯಿತು, ಅದನ್ನು ಇನ್ನೂ ಸೇರಿಸಿಲ್ಲ.

ಒಂದು ಗುರುತು ಹೇಳಿಬಿಡುತ್ತೇನೆ. ಎಂದೂ ರೈಸ್ ಮಾಡದ ಮೆತ್ತಗಿನ ಆಟಗಾರರು ನಿಮ್ಮ ಫ್ಲಶ್ ಬೆಟ್ ಮೇಲೆ ಇದ್ದಕ್ಕಿದ್ದಂತೆ ದೊಡ್ಡ ರೈಸ್ ಮಾಡಿದರೆ, ಚಿಕ್ಕ ಫ್ಲಶ್ ಇದ್ದವರು ಬಿಡುವುದನ್ನು ಕಲಿಯಬೇಕು. ಕಷ್ಟ, ಆದರೆ ಅಲ್ಲಿ ಉಳಿಸಿದ 400 ಚಿಪ್ಸ್ ಗೆದ್ದ 400ಕ್ಕೆ ಸಮ.

ಲಕ್ಷಣ: "ಯಾವ ಡ್ರಾ ಇದ್ರೂ ಲೆಕ್ಕ ಕೂಡೋದೇ ಇಲ್ಲ, ಬರೀ ಫೋಲ್ಡ್ ಮಾಡ್ತಾ ಕೂತಿದ್ದೀನಿ"

ಕೈಪಿಡಿ ಓದಿ ಶಿಸ್ತು ಬಂದವರಿಗೆ ಬರುವ ದೋಷ. ಕಾಲ್ ಮತ್ತು ಫೋಲ್ಡ್ ಬಿಟ್ಟು ಮೂರನೇ ದಾರಿ ಇದೆ, ರೈಸ್. ಫ್ಲಶ್ ಕಂಡರೆ ಹೆದರುವವರ ವಿರುದ್ಧ ಉದ್ರಿ ಸೊನ್ನೆ ಅಂದೆನಲ್ಲ, ಅವರು ದೊಡ್ಡ ಬೆಟ್‌ಗೂ ಹೆದರುತ್ತಾರೆ. ಡ್ರಾ ಇದ್ದಾಗಲೇ ನೀವು ಜೋರಾಗಿ ಬೆಟ್ ಅಥವಾ ರೈಸ್ ಮಾಡಿದರೆ ಅವರು ಅಲ್ಲೇ ಬಿಡಬಹುದು. ಬಿಡದಿದ್ದರೂ ಎಲೆ ಬೀಳುವ ಅವಕಾಶ ಹಾಗೇ ಇರುತ್ತದೆ. ಫ್ಲಶ್ ಮತ್ತು ಸ್ಟ್ರೈಟ್ ಎರಡೂ ಸೇರಿದ 15 ಔಟ್ಸ್ ಇದ್ದರಂತೂ ಎರಡು ಎಲೆಯಲ್ಲಿ 54% ಬರುತ್ತದೆ. ಅಂಥ ಕೈಯನ್ನು ಬರೀ ಕಾಲ್ ಮಾಡಿ ಕೂರುವುದು ನನಗಂತೂ ಇಷ್ಟವಿಲ್ಲ. ಆದರೆ ಎಂದೂ ಫೋಲ್ಡ್ ಮಾಡದವರ ಮೇಲೆ ಈ ಮದ್ದು ಹಾಕಬೇಡಿ. ಅವರಿಂದ ವಸೂಲಿ ಮಾಡುವುದು ಎಲೆ ಬಿದ್ದ ಮೇಲೆ.

ಲಕ್ಷಣ: "ಎಲ್ಲಾ ಸರಿಯಾಗೇ ಮಾಡ್ತಿದ್ದೀನಿ, ಒಂದು ಎಲೆನೂ ಬೀಳ್ತಿಲ್ಲ"

ಹಲವು ಸಲ ಇದು ದೋಷವೇ ಅಲ್ಲ. ಫ್ಲಶ್ ಡ್ರಾ ಒಂದು ಎಲೆಯಲ್ಲಿ ಐದರಲ್ಲಿ ನಾಲ್ಕು ಸಲ ಬೀಳುವುದಿಲ್ಲ. ಸಾಲಾಗಿ ಹತ್ತು ಸಲ ಬೀಳದೇ ಇರುವ ಸಾಧ್ಯತೆ ಸುಮಾರು 12%. ಅಂದರೆ ಎಂಟು ಜನ ತಲಾ ಹತ್ತು ಸಲ ಯತ್ನಿಸಿದರೆ ಅವರಲ್ಲಿ ಒಬ್ಬರಿಗೆ ಒಮ್ಮೆಯೂ ಬೀಳದಿದ್ದರೆ ಆಶ್ಚರ್ಯವಿಲ್ಲ. ಅದು ನೀವೇ ಇರಬಹುದು.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಕೈಯಲ್ಲಿ ಎರಡು ಆಟೀನು, ಫ್ಲಾಪ್‌ನಲ್ಲಿ ಎರಡು ಆಟೀನು ಮತ್ತು ಒಂದು ಬೇರೆ ಎಲೆ ಇಡಿ. ಉಳಿದ 47 ಎಲೆ ಕಲಸಿ, ಮೇಲಿನದನ್ನು ತಿರುಗಿಸಿ ಬರೆದುಕೊಳ್ಳಿ. ವಾಪಸ್ ಹಾಕಿ ಮತ್ತೆ ಕಲಸಿ. ಐವತ್ತು ಸಲ ಮಾಡಿದರೆ ಒಂಬತ್ತು ಹತ್ತು ಸಲ ಆಟೀನು ಬರಬೇಕು. ಐದೋ ಹದಿನಾಲ್ಕೋ ಬಂದರೂ ಗಾಬರಿ ಬೇಡ, ಐವತ್ತರಲ್ಲಿ ಅಷ್ಟು ಏರುಪೇರು ಸಹಜ.

ನಿಜವಾದ ದೋಷವೋ ಬರೀ ಏರುಪೇರೋ ಅಂತ ತಿಳಿಯಲು ಗೆಲುವು ಸೋಲು ಬರೆದಿಟ್ಟರೆ ಸಾಲದು. ಪ್ರತಿ ಡ್ರಾ ಕಾಲ್‌ಗೆ ನಾಲ್ಕು ಅಂಕಿ ಬರೆಯಿರಿ: ಪಾಟ್, ಕಾಲ್, ಬೇಕಿದ್ದ ಉದ್ರಿ, ಎಲೆ ಬಿದ್ದಾಗ ನಿಜಕ್ಕೂ ಬಂದದ್ದು. ಎಲೆ ಬೀಳದ ಸಲಗಳನ್ನು ಮರೆತುಬಿಡಿ. ಬಿದ್ದ ಸಲಗಳಲ್ಲಿ ಬಂದದ್ದರ ಸರಾಸರಿ ಬೇಕಿದ್ದಕ್ಕಿಂತ ಕಡಿಮೆ ಇದ್ದರೆ ದೋಷ ಇದೆ, ಮೇಲಿನ ಭಾಗಗಳಿಗೆ ವಾಪಸ್ ಹೋಗಿ. ಹೆಚ್ಚಿದ್ದರೆ ಸುಮ್ನೆ ಆಡುತ್ತಾ ಇರಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಲೆಕ್ಕದ ಗೊಂದಲ ಬಗೆಹರಿಯದಿದ್ದರೆ ನಿಮಗಿಂತ ಚೆನ್ನಾಗಿ ಆಡುವವರಿಗೆ ಆ ನಾಲ್ಕು ಅಂಕಿಗಳ ಹಾಳೆ ತೋರಿಸಿ. "ಏನೋ ಸೋಲ್ತಿದ್ದೀನಿ" ಅಂದರೆ ಯಾರೂ ಏನೂ ಹೇಳಲಾರರು. ಹಾಳೆ ಇದ್ದರೆ ಹೇಳುತ್ತಾರೆ.

ಆದರೆ ಲೆಕ್ಕದಿಂದ ಸರಿಹೋಗದ ಲಕ್ಷಣಗಳೂ ಇವೆ. ಸೋತದ್ದನ್ನು ಇವತ್ತೇ ವಾಪಸ್ ಪಡೆಯಬೇಕು ಅಂತ ಎದ್ದು ಹೋಗಲಾಗದೆ ಕೂರುವುದು. ಚಿಪ್ಸ್ ಆಟ ಸಪ್ಪೆ ಅನಿಸಿ ದುಡ್ಡಿನ ಆಟ ಹುಡುಕುವುದು. ಸಾಲ ಮಾಡುವುದು, ಮನೆಯವರಿಗೆ ಸುಳ್ಳು ಹೇಳುವುದು. ಇಂಥದ್ದು ನಿಮ್ಮಲ್ಲೋ ಗೆಳೆಯರಲ್ಲೋ ಕಂಡರೆ ಔಟ್ಸ್ ಎಣಿಸುವುದನ್ನು ಅಲ್ಲಿಗೆ ನಿಲ್ಲಿಸಿ. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಮೊಬೈಲ್, ಆನ್‌ಲೈನ್ ಆಟಗಳ ಗೀಳಿಗೆ ಶಟ್ ಕ್ಲಿನಿಕ್ ಎಂಬ ಸೇವೆಯೂ ಇದೆ. ಮೊದಲು ಫೋನಿನಲ್ಲಿ ಮಾತಾಡಿ ನೋಡೋಣ ಅನ್ನುವವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.